ಕೆಂಪು ಹಿಮ್ಮಡಿಯ ಕಾಲುಚೀಲ

ಭಾನುವಾರ, ಮಧ್ಯಾಹ್ನ
(ಲಾಂಡ್ರಿ ಮುಚ್ಚಲು ಇನ್ನು ಒಂಬತ್ತು ದಿನ)

ಮಗಳೇ,

ಕ್ಷೇಮವೇ ಎಂದು ಕೇಳುವುದಿಲ್ಲ. ಮಂತ್ರಿಯ ಪಕ್ಕದ ಕೋಣೆಯಲ್ಲಿ ಕೂತವರು ಕ್ಷೇಮವಾಗಿಯೇ ಇರುತ್ತಾರೆ. ನಾನು ಹೇಗಿದ್ದೇನೆ ಎಂದು ನೀನೂ ಕೇಳಿರಲಿಲ್ಲ. ಅಲ್ಲಿಗೆ ಇಬ್ಬರೂ ಸಮ.

ನಿನ್ನ ಕಾಗದ ಗುರುವಾರ ಬಂತು. ಅಂಚೆಯವನು ತರಲಿಲ್ಲ, ಕರಿ ಕಾರು ತಂತು. ನಮ್ಮ ಓಣಿಯಲ್ಲಿ ಆ ಕಾರು ಹಿಡಿಯಲಿಲ್ಲ. ತಿರುವಿನಲ್ಲೇ ನಿಂತಿತು. ಡ್ರೈವರ್ ಇಳಿದು ಪ್ಯಾಂಟು ಎತ್ತಿಕೊಂಡು ಚರಂಡಿ ದಾಟಿ ಬಂದ. ಪಕ್ಕದ ಮನೆಯ ಟೈಲರಮ್ಮ ಮಿಷನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. ನಮ್ಮ ಓಣಿಗೆ ಅಷ್ಟು ದೊಡ್ಡ ಗಾಡಿ ಬರುವುದು ಹೆಣ ತರುವಾಗ ಮಾತ್ರ. "ಏನಕ್ಕಾ, ಯಾರಾದ್ರೂ ಹೋದ್ರಾ?" ಎಂದು ಕೇಳಿದಳು. "ಇಲ್ಲ ಕಣೇ, ಮಗಳು ಬದುಕಿದ್ದಾಳೆ ಅಂತ ಗೊತ್ತಾಯ್ತು" ಎಂದೆ.

ನಾನು ಓದಿದ್ದು ಮೂರನೇ ಕ್ಲಾಸು. ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಬಯ್ಯುವುದಕ್ಕೆ ಮೂರನೇ ಕ್ಲಾಸು ಸಾಕು. ಈ ಕಾಗದದ ಹಿಂಬದಿ ನೋಡಬೇಡ, ಅದು ನಮ್ಮ ಸರ್ಕಾರಿ ಆಸ್ಪತ್ರೆಯ ಲಾಂಡ್ರಿ ಮುಚ್ಚುವ ಸುತ್ತೋಲೆ. ಹನ್ನೊಂದು ಜನಕ್ಕೆ ನಲವತ್ತು ಪ್ರತಿ ಕಳಿಸಿದ್ದಾರೆ. ಸೋಪಿಗೆ ದುಡ್ಡಿಲ್ಲ, ಸೋಪಿಲ್ಲ ಎಂದು ತಿಳಿಸುವ ಕಾಗದಕ್ಕೆ ದುಡ್ಡಿದೆ. ಒಳ್ಳೆಯ ದಪ್ಪ ಕಾಗದ, ಮಸಿ ಇಳಿಯುವುದಿಲ್ಲ. ಅದಕ್ಕೇ ಇದರ ಮೇಲೆ ಬರೆಯುತ್ತಿದ್ದೇನೆ.

ಆ ಕಾಲುಚೀಲ ಕಳಿಸು ಎಂದು ಕೇಳಿದ್ದೀಯ. ಅದಕ್ಕೆ ಬರುತ್ತೇನೆ. ಮೊದಲು ನಿನ್ನ ಮಂತ್ರಿಯ ಮಿತವ್ಯಯ ಆಸ್ಪತ್ರೆಯ ಹಿಂಬಾಗಿಲಿನಲ್ಲಿ ಹೇಗಿರುತ್ತದೆ ಎಂದು ಕೇಳು. ನೀನು ಆ ಬಾಗಿಲು ದಾಟಿ ಎಷ್ಟು ವರ್ಷವಾಯಿತೋ.

ಮೊದಲು ಸೋಪು ಅರ್ಧ ಮಾಡಿದರು. ಆಮೇಲೆ ಜನರನ್ನು ಅರ್ಧ ಮಾಡಿದರು. ಇಪ್ಪತ್ತೆರಡು ಜನ ಇದ್ದೆವು, ಹನ್ನೊಂದಾದೆವು. ಆಮೇಲೆ ಬಾಯ್ಲರು ವಾರಕ್ಕೆ ಒಂದೇ ದಿನ ಹಚ್ಚಬೇಕು ಎಂದರು. ರಕ್ತದ ಬಟ್ಟೆ, ಕೀವಿನ ಬಟ್ಟೆ, ಎಲ್ಲ ತಣ್ಣೀರಿನಲ್ಲಿ. ದಿನಾ ಬದಲಿಸುತ್ತಿದ್ದ ಬೆಡ್‌ಶೀಟನ್ನು ನಾಲ್ಕು ದಿನಕ್ಕೊಮ್ಮೆ ಬದಲಿಸಿರಿ ಎಂದರು. ಹೋದ ತಿಂಗಳಿಂದ ಅದೂ ಇಲ್ಲ, ರೋಗಿಗಳೇ ಮನೆಯಿಂದ ತರಬೇಕಂತೆ. ಮೊನ್ನೆ ಹೆರಿಗೆ ವಾರ್ಡಿಗೆ ಬಂದವಳೊಬ್ಬಳು ಕಿಟಕಿಯ ಪರದೆ ಬಿಚ್ಚಿಕೊಂಡು ಬಂದಿದ್ದಳು. ಕಂಬಿಗೆ ಹಾಕುವ ಉಂಗುರಗಳು ಇನ್ನೂ ಅದರಲ್ಲೇ ಇದ್ದವು. ಹೊರಳಿದಾಗಲೆಲ್ಲ ಬೆನ್ನಿಗೆ ಒತ್ತುತ್ತಿದ್ದವು. ನಮ್ಮ ಗುಂಡಿ ಹೋಗಿ ಹಲ್ಲಿನಲ್ಲಿ ದಾರ ಕಿತ್ತು ಹನ್ನೆರಡು ಉಂಗುರ ತೆಗೆದುಕೊಟ್ಟಳು. ಗುಂಡಿ ಎಂದರೆ ನಮ್ಮಲ್ಲಿ ಹರಿದದ್ದು ಹೊಲಿಯುವ ಹುಡುಗಿ. ಗುಂಡಿ ಹಚ್ಚುವುದೇ ಅವಳ ಕೆಲಸ, ನೋಡುವುದಕ್ಕೂ ಗುಂಡಿಯ ಹಾಗೇ ಇದ್ದಾಳೆ. ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. "ದೊಡ್ಡಮ್ಮಾ, ಆಯಮ್ಮನ ಮನೆ ಕಿಟಕಿ ಈಗ ಬೆತ್ತಲೆ ನಿಂತಿರುತ್ತೆ" ಎಂದಳು. ನಗಲಿಲ್ಲ ಅವಳು.

ಹಾಗಾದರೆ ವಾರಕ್ಕೊಂದು ದಿನ ಬಾಯ್ಲರು ಯಾರಿಗೆ ಎಂದು ಕೇಳುತ್ತೀಯಾ? ಕೇಳುವುದಿಲ್ಲ, ನಿನಗೆ ಗೊತ್ತು. ಸದನದ ಸದಸ್ಯರ ವಸತಿಗೃಹಕ್ಕೆ. ನಮ್ಮಲ್ಲಿ ಒಂದೊಂದು ವಾರ್ಡಿನ ಮೂಟೆಗೆ ಒಂದೊಂದು ಬಣ್ಣದ ಪಟ್ಟಿ. ಜ್ವರಕ್ಕೆ ಕೆಂಪು, ಹೆರಿಗೆಗೆ ನೀಲಿ, ಮಕ್ಕಳದಕ್ಕೆ ಹಸಿರು. ವಸತಿಗೃಹದ ಮೂಟೆ ಬಿಳಿ ರಿಬ್ಬನ್ನು ಕಟ್ಟಿಕೊಂಡು ಬುಧವಾರ ವ್ಯಾನಿನಲ್ಲಿ ಬರುತ್ತದೆ. ಗುಂಡಿ ಅದಕ್ಕೆ ಬೀಗರ ಮೂಟೆ ಎಂದು ಹೆಸರಿಟ್ಟಿದ್ದಾಳೆ. ಕಂಬಳಿಯಷ್ಟು ದಪ್ಪನೆಯ ಟವೆಲ್ಲುಗಳು, ಮೇಜಿನ ಬಟ್ಟೆಗಳು, ಬಾಯಿ ಒರೆಸಲು ಬೇರೆ, ಬೆರಳು ಒರೆಸಲು ಬೇರೆ. ಜೊತೆಗೊಂದು ಚೀಟಿ, ಬಿಸಿನೀರು, ಎರಡು ಸಲ, ಕೊನೆಗೆ ಸುಗಂಧ. ಮಕ್ಕಳ ವಾರ್ಡಿನ ಹಸಿರು ಪಟ್ಟಿಯ ಮೂಟೆ ಪಕ್ಕದಲ್ಲೇ ನಾರುತ್ತಾ ಕೂತಿರುತ್ತದೆ, ನಾವು ಬೀಗರ ಟವೆಲ್ಲಿಗೆ ಸುಗಂಧ ಚಿಮುಕಿಸುತ್ತಿರುತ್ತೇವೆ. ಮಿತವ್ಯಯವಂತೆ! ಮಿತ ನಮಗೆ, ವ್ಯಯ ಅವರಿಗೆ.

ಊರಿನ ಮಾತು ಹೇಳುವುದೇ ಬೇಡ. ಹಾಲಿಗೆ ನೀರು ಬೆರೆಸುತ್ತಿದ್ದ ಕಾಲ ಹೋಯಿತು, ಈಗ ನೀರಿಗೆ ಹಾಲು ತೋರಿಸುತ್ತೇವೆ. ಟೈಲರಮ್ಮ ಗ್ಯಾಸು ಉಳಿಸಲು ನಮ್ಮ ಒಲೆಯಲ್ಲೇ ಅನ್ನಕ್ಕಿಡುತ್ತಾಳೆ. ಒಂದು ದಿನ ಅವಳ ಸಿಲಿಂಡರು, ಒಂದು ದಿನ ನನ್ನದು. ಬಸ್ಸಿನ ಚಾರ್ಜು ಏರಿದ ಮೇಲೆ ಬಾಯ್ಲರಣ್ಣ, ನಮ್ಮ ಬಾಯ್ಲರು ನೋಡಿಕೊಳ್ಳುವವನು, ಆರು ಮೈಲಿ ನಡೆದು ಬರುತ್ತಾನೆ. ಐವತ್ತೆಂಟು ವರ್ಷ ಅವನಿಗೆ. "ಡಾಕ್ಟ್ರು ವಾಕಿಂಗ್ ಮಾಡಿ ಅಂದಿದ್ರು, ಸರ್ಕಾರ ಮಾಡಿಸ್ತಾ ಇದೆ" ಎನ್ನುತ್ತಾನೆ. ಬೀಗರ ಕಾರಿಗೆ ಪೆಟ್ರೋಲು ಯಾರದ್ದು? ನಡೆಯುತ್ತಾನಲ್ಲ, ಅವನದ್ದು.

ಈಗ ಆ ಭಾಷಣಕ್ಕೆ ಬರುತ್ತೇನೆ.

ಹೋದ ಮಂಗಳವಾರದ ಹಿಂದಿನ ಮಂಗಳವಾರ. ಊಟದ ಹೊತ್ತು. ಬಾಯ್ಲರಣ್ಣನ ರೇಡಿಯೋ ಕಿಟಕಿಯ ಮೇಲಿತ್ತು. ನಿನ್ನ ಮಂತ್ರಿ ಮಾತನಾಡುತ್ತಾನೆ ಎಂದು ನಾನೇ ದನಿ ಏರಿಸು ಎಂದೆ. ನನಗೇನು ಗೊತ್ತು! ನೀನು ಅಲ್ಲಿ ಕಾಗದಪತ್ರ ಜೋಡಿಸುವ ಕೆಲಸ ಮಾಡುತ್ತೀಯ ಎಂದು ನಂಬಿದವಳು ನಾನು. ಹಾಗೆಂದು ನೀನೇ ಹೇಳಿದ್ದೆ. ಅವನು ಬಾಯಿ ತೆರೆದ. ಪ್ರತಿ ಮಾತೂ ನೆನಪಿದೆ. "ನನ್ನ ತಾಯಿ ದುಡಿದು ದುಡಿದು ಕುಂಟುತ್ತಾ ಮನೆಗೆ ಬರ್ತಿದ್ದಳು. ಸೋಪಿನ ಚೂರುಗಳನ್ನ ಎಸೆಯದೆ, ಹಿಮ್ಮಡಿಗೆ ಕೆಂಪು ನೂಲಿದ್ದ ನನ್ನ ತಂದೆಯ ಹಳೇ ಕಾಲುಚೀಲದಲ್ಲಿ ತುಂಬಿ, ನಲ್ಲಿಗೆ ಕಟ್ಟಿ, ಅದರಲ್ಲೇ ನಮ್ಮ ಬಟ್ಟೆ ಒಗೆದಳು. ಆ ತಾಯಿ ಯಾವತ್ತೂ ಸರ್ಕಾರದ ಮುಂದೆ ಕೈ ಚಾಚಲಿಲ್ಲ. ಮನಸ್ಸು ಮಾಡಿದರೆ ಎಲ್ಲರೂ ಹಾಗೆ ಬದುಕಬಹುದು."

ತುತ್ತು ಕೈಯಲ್ಲೇ ನಿಂತಿತು ನನಗೆ.

ಉಳಿದವರು ಬಿದ್ದು ಬಿದ್ದು ನಕ್ಕರು. ಬಾಯ್ಲರಣ್ಣನ ಅತ್ತೆ ಆ ಮಂತ್ರಿಯ ಮನೆಯಲ್ಲೇ ಇಪ್ಪತ್ತು ವರ್ಷ ಬಟ್ಟೆ ಒಗೆದವಳು. "ಅವರಮ್ಮ ಸೋಪು ಮುಟ್ಟಿದ್ದು ಕೈ ತೊಳ್ಕೊಳ್ಳೋಕೆ ಮಾತ್ರ ಕಣ್ರೋ. ಅವರಮ್ಮ ಕಾಲುಚೀಲದಲ್ಲಿ ಸೋಪು ತುಂಬಿದ್ಳಂತೆ, ಮಗ ಜೇಬಲ್ಲಿ ಊರನ್ನೇ ತುಂಬ್ಕೊಂಡ" ಎಂದ ಅವನು. "ಕುಂಟ್ತಾ ಇದ್ಳಂತೆ! ಕಾರಿಂದ ಇಳಿಯುವಾಗ ಎಡವಿರ್ಬೇಕು" ಎಂದಳು ಗುಂಡಿ. ನಾನು ಡಬ್ಬಿ ಮುಚ್ಚಿ ಎದ್ದು ಹೋದೆ. ಹೊಟ್ಟೆನೋವು ಎಂದೆ. ಅವರು ನಕ್ಕದ್ದು ಮಂತ್ರಿಗೆ. ಬಿದ್ದದ್ದು ನನ್ನ ಮೇಲೆ. ನನ್ನ ನಲ್ಲಿ, ನನ್ನ ಕುಂಟು, ನಿಮ್ಮಪ್ಪನ ಕಾಲುಚೀಲ. ಈ ಭೂಮಿಯ ಮೇಲೆ ಅದನ್ನು ನೋಡಿದವರು ಇಬ್ಬರೇ. ಒಬ್ಬಳು ನಾನು. ನಾನಂತೂ ಹೇಳಿಲ್ಲ.

ನಿಮ್ಮಪ್ಪ ಬಿಟ್ಟು ಹೋದದ್ದು ಎರಡು ಜೊತೆ. ಒಂದು ಕಾಲುಚೀಲ, ಇನ್ನೊಂದು ನಾವಿಬ್ಬರು. ಅವನು ತೆಗೆದುಕೊಂಡು ಹೋದದ್ದರ ಮೇಲೆ ನನಗೆ ಸಿಟ್ಟಿಲ್ಲ. ನೀನು ತೆಗೆದುಕೊಂಡು ಹೋದದ್ದರ ಮೇಲೆ ಇದೆ. ಬಡತನ ಬಿಟ್ಟು ನನ್ನ ಹತ್ತಿರ ಇನ್ನೇನಿತ್ತು? ಅದನ್ನೂ ಎತ್ತಿಕೊಂಡು ಹೋಗಿ ಅವನ ಬಾಯಿಗೆ ಹಾಕಿದೆಯಲ್ಲ! ನಾನು ಉಪವಾಸ ಇದ್ದದ್ದನ್ನು ತೋರಿಸಿ ಅವನು ಇನ್ನೊಬ್ಬಳ ತಟ್ಟೆ ಎಳೆದುಕೊಂಡ. ಕಿಟಕಿಯ ಪರದೆ ಹಾಸಿಕೊಂಡು ಹೆತ್ತಳಲ್ಲ, ಅವಳ ತಟ್ಟೆ.

ಆಮೇಲಿನದ್ದು ನೀನೇ ನಿನ್ನ ಕಿಟಕಿಯಿಂದ ನೋಡುತ್ತಿದ್ದೀಯ. ಮಾರನೆಯ ದಿನ ಯಾರೋ ಸದನವೂ ಮಂತ್ರಿಗಳ ಕಚೇರಿಗಳೂ ಇರುವ ಕಟ್ಟಡದ ಗೇಟಿಗೆ ಒಂದು ಹರಕು ಕಾಲುಚೀಲ ಕಟ್ಟಿ, "ಸೋಪು ನೀವೇ ಹಾಕಿ" ಎಂದು ಚೀಟಿ ಸಿಕ್ಕಿಸಿದರು. ಸಂಜೆಗೆ ಇಪ್ಪತ್ತಾದವು. ವಾರದಲ್ಲಿ ಗೇಟಿನ ಕಂಬಿಯೇ ಕಾಣುತ್ತಿರಲಿಲ್ಲ. ಪೊಲೀಸರು ಬೆಳಿಗ್ಗೆ ಕಿತ್ತು ಗೋಣಿಗೆ ತುಂಬುತ್ತಾರೆ, ಮಧ್ಯಾಹ್ನಕ್ಕೆ ಮತ್ತೆ ತೂಗುತ್ತವೆ. ಶಾಲೆಯ ಮೇಷ್ಟ್ರುಗಳು ತಂದು ಕಟ್ಟಿದರು, ಬಸ್ಸಿನ ಕಂಡಕ್ಟರುಗಳು ಖಾಕಿ ಕಾಲುಚೀಲ ತಂದು ಕಟ್ಟಿದರು. ಒಬ್ಬಳು ಬಾಣಂತಿ ಹೆಬ್ಬೆರಳಿನಷ್ಟು ಉದ್ದದ್ದು ಕಟ್ಟಿ ಹೋದಳಂತೆ. ನಮ್ಮ ಲಾಂಡ್ರಿಯಲ್ಲಿ ಜೊತೆ ತಪ್ಪಿದ ಒಂಟಿ ಕಾಲುಚೀಲಗಳ ಡಬ್ಬವೊಂದು ಮೂಲೆಯಲ್ಲಿತ್ತು, ಹದಿನೈದು ವರ್ಷದ್ದು. ಯಾರೂ ಕೇಳಿಕೊಂಡು ಬರಲಿಲ್ಲ, ಎಸೆಯಲೂ ಇಲ್ಲ. ಗುಂಡಿ ಆ ಡಬ್ಬವನ್ನೇ ಹೊತ್ತುಕೊಂಡು ಹೋದಳು. "ಕೊನೆಗೂ ಇವಕ್ಕೊಂದು ಗತಿ ಕಾಣಿಸ್ದೆ ದೊಡ್ಡಮ್ಮಾ" ಎಂದಳು. ನೀನ್ಯಾಕೆ ಬರಲಿಲ್ಲ ಎಂದು ಕೇಳಿದಳು. ಮಂಡಿನೋವು ಎಂದೆ. ನಲವತ್ತು ವರ್ಷ ನಾನು ಮಂಡಿನೋವಿಗೆ ರಜೆ ಹಾಕಿದವಳಲ್ಲ. ಅವಳು ನನ್ನ ಮುಖ ನೋಡಿದಳು, ಖಾಲಿ ಡಬ್ಬವನ್ನು ಮೂಲೆಗೆ ಇಟ್ಟಳು.

ಹೀಗೆ ನಾಚಿಕೆ ಹೊದ್ದು ಕೂತಿದ್ದಾಗ ನಿನ್ನ ಕಾಗದ ಬಂತು.

ಎರಡು ಸಲ ಓದಿದೆ. ಅವನ ಭಾಷಣ ಬರೆಯುವವಳು ನೀನೇ ಅಂತೆ. ಭಾಷಣಕ್ಕೆ ಎಲ್ಲಾದರೂ ಒಂದು ನಿಜವಾದ ಮಾತು ಬೇಕಿತ್ತು, ನೆನಪಾದದ್ದು ನೀನೇ ಅಮ್ಮಾ ಎಂದು ಬರೆದಿದ್ದೀಯ. ಓದಿ ಕರಗಬೇಕಿತ್ತು ನಾನು. ಸುಡುಗಾಡು. ಊರೆಲ್ಲ ಮಂತ್ರಿಯನ್ನು ಸುಳ್ಳುಗಾರ ಎನ್ನುತ್ತಿದೆ, ಮಂಗಳವಾರ ಸದನದಲ್ಲಿ ಎದ್ದು ನಿಂತು ಕಾಲುಚೀಲವನ್ನೇ ಎತ್ತಿ ತೋರಿಸಬೇಕಂತೆ. ಟ್ರಂಕಿನಲ್ಲಿ ಇನ್ನೂ ಇದ್ದರೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬರುವ ಡ್ರೈವರ್ ಕೈಲಿ ಕೊಡಬೇಕಂತೆ. ಗೇಟಿನ ಹತ್ತಿರ ಹೋಗಬಾರದಂತೆ, ಯಾರ ಹತ್ತಿರವೂ ಬಾಯಿ ಬಿಡಬಾರದಂತೆ, ಬಿಟ್ಟರೆ ನಿನ್ನ ಕೆಲಸ ಹೋಗುತ್ತದಂತೆ. ಸರಿ. ಅಲ್ಲಿಯವರೆಗೆ ಹಲ್ಲು ಕಚ್ಚಿ ಓದಿದೆ. ಆಮೇಲಿನ ಪ್ಯಾರಾ ಇದೆಯಲ್ಲ, ಅದನ್ನು ಓದಿ ಲೋಟ ಎಸೆದೆ. ಸದಸ್ಯರ ವಸತಿಗೃಹಕ್ಕೆ ಹೊಸ ಲಾಂಡ್ರಿ ಕಟ್ಟುತ್ತಿದ್ದಾರಂತೆ. ಹೊಸ ಮಿಷನ್ನುಗಳಂತೆ. ನನಗೆ ಅಲ್ಲಿ ಮೇಲ್ವಿಚಾರಕಿಯ ಕೆಲಸ, ಕುರ್ಚಿಯಲ್ಲಿ ಕೂತು ಮಾಡುವುದು. "ನಿನಗೊಂದೇ ಜಾಗ ಮಾಡಿಸಿದ್ದೀನಿ ಅಮ್ಮಾ, ಬೇರೆಯವರಿಗೆ ಹೇಳ್ಬೇಡ."

ಬೀಗರಿಗೆ ಹೊಸ ಲಾಂಡ್ರಿ! ಆಸ್ಪತ್ರೆಯದ್ದು ಮುಚ್ಚುವುದು ದುಡ್ಡಿಲ್ಲದೆ ಅಲ್ಲ, ರೋಗಿಗಳ ಜೊತೆ ತಮ್ಮ ಟವೆಲ್ಲು ಒಗೆಯುವುದು ಇಷ್ಟವಿಲ್ಲದೆ. ಇದು ಊರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ನೀನು ನನ್ನ ಬಾಯಿಗೆ ಬೆಣ್ಣೆ ಹಚ್ಚಲು ಹೋಗಿ ಸತ್ಯ ಕಕ್ಕಿದೆ. ಶುಕ್ರವಾರ ಬೆಳಿಗ್ಗೆ ನಿನ್ನ ಕಾಗದದ ಆ ಒಂದು ಪ್ಯಾರಾವನ್ನು ಲಾಂಡ್ರಿಯಲ್ಲಿ ಎಲ್ಲರ ಮುಂದೆ ಓದಿದೆ. ಹೌದು, ಓದಿದೆ. ಹೇಳಬೇಡ ಎಂದಿದ್ದೆ, ಅದಕ್ಕೇ ಓದಿದೆ.

ಆಮೇಲೆ ಬಾಯ್ಲರಣ್ಣ, "ಹೋಗ್ಬಿಡಕ್ಕಾ. ನಿನಗಾದ್ರೂ ಸಿಗ್ಲಿ. ನಾವೇನೂ ಅನ್ಕೊಳ್ಳಲ್ಲ" ಎಂದ. ನಿಜವಾಗಿಯೂ ಹಾಗೇ ಅಂದ, ಕೊಂಕಿಲ್ಲದೆ. ಅದನ್ನೇ ನನಗೆ ತಡೆಯಲಾಗಲಿಲ್ಲ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. "ನಿನ್ನ ಬಾಯ್ಲರಿಗೆ ಬೆಂಕಿ ಹಾಕ" ಎಂದೆ. "ಅದೇ ಇಲ್ವಲ್ಲಕ್ಕಾ ಬೆಂಕಿ" ಎಂದ. ಆಗ ಎಲ್ಲರೂ ನಕ್ಕರು, ನಾನೂ ನಕ್ಕೆ, ಆಮೇಲೆ ಗುಂಡಿ ಅತ್ತಳು. ಅವಳಿಗೆ ಎರಡು ಮಕ್ಕಳು, ಗಂಡನಿಗೆ ಕೆಲಸವಿಲ್ಲ.

ಬೀಗರ ಮೂಟೆ ಈ ಬುಧವಾರದ್ದು ಇನ್ನೂ ಬಿಚ್ಚಿಲ್ಲ. ಬಾಯ್ಲರು ಕೆಟ್ಟಿದೆ ಎಂದು ಸೂಪರಿಂಟೆಂಡೆಂಟರಿಗೆ ಹೇಳಿದ್ದೇವೆ. ಕೆಟ್ಟಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ಹನ್ನೊಂದು ಜನವೂ ಸೇರಿ ಆ ಮೂಟೆ ಹೊತ್ತು ಗೇಟಿಗೆ ಹೋಗುತ್ತೇವೆ. ಬಿಳಿ ರಿಬ್ಬನ್ನಿನ ಸಮೇತ, ತೊಳೆಯದೆ ಇಟ್ಟು ಬರುತ್ತೇವೆ. ನಿಮ್ಮ ಕೊಳೆ ನಿಮಗೆ. ಅಲ್ಲಿ ಸೇರುವ ಜನ ನನಗೆ ಮೈಕು ಕೊಡುತ್ತಾರಂತೆ. ವಯಸ್ಸಿಗೆ ಹಿರಿಯಳು, ಬಾಯಿಯೂ ದೊಡ್ಡದು.

ಅಲ್ಲಿ ನಾನು ಏನು ಹೇಳುತ್ತೇನೆ ಎನ್ನುವುದನ್ನು ಮೊದಲು ನಿನಗೆ ಹೇಳಬೇಕು. ಅದಕ್ಕೇ ಈ ಕಾಗದ. ಇಲ್ಲದಿದ್ದರೆ ಡ್ರೈವರ್ ಕೈಲಿ ಎರಡು ಬೈಗುಳ ಕಳಿಸಿದ್ದರೆ ಸಾಕಿತ್ತು.

ಕೇಳು. ನಿನಗೆ ಆಗ ಏಳೋ ಎಂಟೋ. ಲಾಂಡ್ರಿಯಲ್ಲಿ ನಾನು ಸೋಪು ಕೊಯ್ಯುವ ಕೆಲಸದಲ್ಲಿದ್ದೆ. ಮೊಳದುದ್ದದ ಹಳದಿ ಬಾರುಗಳು ಬರುತ್ತಿದ್ದವು. ತಂತಿ ಎಳೆದು ಒಂದೊಂದನ್ನು ಹತ್ತು ತುಂಡು ಮಾಡಬೇಕು. ಮನೆಯಲ್ಲಿ ಬಾಡಿಗೆಗೆ ದುಡ್ಡಿರಲಿಲ್ಲ, ಹಾಲಿಗೆ ಇರಲಿಲ್ಲ, ನಿನ್ನ ಶಾಲೆಯ ಬೂಟಿಗೆ ಇರಲಿಲ್ಲ. ಸಂಬಳ ಹತ್ತನೇ ತಾರೀಕಿಗೆ ಸಾಯುತ್ತಿತ್ತು. ನಾನು ತಂತಿಯನ್ನು ಕೂದಲೆಳೆಯಷ್ಟು ಓರೆ ಹಿಡಿಯುವುದು ಕಲಿತೆ. ಬಾರಿಗೆ ಹತ್ತು ತುಂಡು ಸರಿಯಾಗಿಯೇ ಬರುತ್ತಿದ್ದವು, ಯಾರು ಎಣಿಸಿದರೂ ಹತ್ತು. ಹನ್ನೊಂದನೆಯದು ಎಲೆಯಷ್ಟು ತೆಳ್ಳಗೆ ನನ್ನ ಕೈಯಲ್ಲಿ ಉಳಿಯುತ್ತಿತ್ತು. ಹೊರಗೆ ಹೋಗುವಾಗ ಗೇಟಿನವನು ಚೀಲ ನೋಡುತ್ತಿದ್ದ, ಸೊಂಟ ನೋಡುತ್ತಿದ್ದ, ಊಟದ ಡಬ್ಬಿ ತೆರೆಸುತ್ತಿದ್ದ. ಗಂಬೂಟು ತೆಗೆಸುತ್ತಿರಲಿಲ್ಲ, ವಾಸನೆ ತಡೆಯಲಾರ. ನೆಲವೆಲ್ಲ ನೀರು ಎಂದು ನಾವೆಲ್ಲ ಗಂಬೂಟು ಹಾಕುತ್ತಿದ್ದೆವು. ನಾನು ಒಳಗೆ ನಿಮ್ಮಪ್ಪನ ಉದ್ದನೆಯ ಕಾಲುಚೀಲ ಹಾಕುತ್ತಿದ್ದೆ. ಚೂರುಗಳು ಎಡಗಾಲಿನದ್ದರೊಳಗೆ, ಪಾದದ ಕೆಳಗೆ.

ನನ್ನ ಕುಂಟು ಅದು, ಮಗಳೇ. ದುಡಿದು ಬಂದ ಕುಂಟಲ್ಲ, ಸೋಪಿನ ಮೇಲೆ ನಡೆದು ಬಂದ ಕುಂಟು. ನೀನು ಬಾಗಿಲಲ್ಲಿ ನಿಂತು, "ಅಮ್ಮಾ ಯಾಕೆ ಕುಂಟ್ತೀಯಾ" ಎಂದು ಕೇಳುತ್ತಿದ್ದೆ. "ಗಂಬೂಟು ಕಚ್ತು ಕಂದಾ" ಎನ್ನುತ್ತಿದ್ದೆ. ದೊಡ್ಡ ಚೂರುಗಳು ಹಾಲಿನವಳಿಗೆ, ಮನೆಯ ಯಜಮಾನಿಗೆ. ಪುಡಿಯಾದದ್ದು ಕಾಲುಚೀಲದಲ್ಲೇ ಉಳಿಯುತ್ತಿತ್ತು. ಅದನ್ನೇ ನಲ್ಲಿಗೆ ಕಟ್ಟುತ್ತಿದ್ದೆ. ನೀನು ನೋಡಿದ್ದು ಅದು. ಉಳಿತಾಯ ಎಂದು ನಾನೇ ನಿನಗೆ ಹೇಳಿಕೊಟ್ಟೆ. ಮಗುವಿಗೆ ಇನ್ನೇನು ಹೇಳಲಿ? ನೀನು ಅದನ್ನು ಮುತ್ತಿನ ಹಾಗೆ ಇಪ್ಪತ್ತೈದು ವರ್ಷ ಕಾಪಾಡಿಕೊಂಡು ಹೋಗಿ ಮಂತ್ರಿಗೆ ಕೊಟ್ಟೆ.

ಸರ್ಕಾರದ ಮುಂದೆ ಕೈ ಚಾಚಲಿಲ್ಲವಂತೆ. ನಿಜ, ಚಾಚಲಿಲ್ಲ. ಕೈ ಹಾಕಿದೆ. ನಿನ್ನ ಶಾಲೆಯ ಬೂಟು ಸರ್ಕಾರದ ಸೋಪು. ನೀನು ಕುಡಿದ ಹಾಲು ಸರ್ಕಾರದ ಸೋಪು. ನೀನು ಅಷ್ಟು ಚೆನ್ನಾಗಿ ಅಕ್ಷರ ಬರೆಯುತ್ತೀಯಲ್ಲ, ಆ ಪೆನ್ನು ಹಿಡಿದ ಬೆರಳು ಬೆಳೆದದ್ದು ಸರ್ಕಾರದ ಸೋಪಿನಿಂದ. ಸಂಬಳದಲ್ಲಿ ಬದುಕಲು ಆಗಿದ್ದರೆ ನಾನು ಕದಿಯುತ್ತಿದ್ದೆನಾ? ಬಡವರು ಜಾಣತನದಿಂದ ಉಳಿಸಿ ಬದುಕಿದರು ಎಂದು ಅವರು ಭಾಷಣ ಮಾಡುತ್ತಾರೆ. ಉಳಿಸಲು ಏನಿತ್ತು? ಆಗಲೂ ಸಾಲುತ್ತಿರಲಿಲ್ಲ, ಈಗಲೂ ಸಾಲುವುದಿಲ್ಲ. ಇದನ್ನೇ ನಾನು ಮೈಕಿನಲ್ಲಿ ಹೇಳುವುದು. ಆ ತಾಯಿ ನಾನು, ಆ ಸೋಪು ಕದ್ದದ್ದು, ಇವನ ಮಿತವ್ಯಯಕ್ಕೆ ಇವನು ತೋರಿಸುವ ಪುರಾವೆ ಒಬ್ಬಳು ಕಳ್ಳಿಯ ಕಾಲುಚೀಲ.

ಪಿಂಚಣಿ ತಡೆಹಿಡಿಯಬಹುದು ಎಂದು ಬಾಯ್ಲರಣ್ಣ ಹೆದರಿಸಿದ. ಅವನಿಗೆ ಒಬ್ಬನಿಗೆ ಹೇಳಿದ್ದೇನೆ. ಹಿಡಿಯಲಿ. ಜೈಲಿಗೆ ಹಾಕಿದರೂ ಹಾಕಲಿ, ಅಲ್ಲಿ ಬೆಡ್‌ಶೀಟು ಕೊಡುತ್ತಾರೋ ಮನೆಯಿಂದ ತರಬೇಕೋ ಕೇಳಿಕೊಂಡು ಹೋಗುತ್ತೇನೆ.

ಈಗ ನೀನು ಕೇಳಿದ ಸಾಮಾನು. ಕಳಿಸಿದ್ದೇನೆ, ಈ ಕಾಗದದ ಜೊತೆ ಸುತ್ತಿ ಇಟ್ಟಿದ್ದೇನೆ. ಎಡಗಾಲಿನದ್ದು. ಮೂಸಿ ನೋಡು, ಇನ್ನೂ ಆ ಹಳದಿ ಸೋಪಿನ ವಾಸನೆ ಇದೆ. ಒಂದು ವಿಷಯ ನೀನೂ ಮರೆತೆ, ನಿನ್ನ ಮಂತ್ರಿಯೂ ಮರೆತ. ಕಾಲುಚೀಲ ಒಂಟಿಯಾಗಿ ಹುಟ್ಟುವುದಿಲ್ಲ. ಬಲಗಾಲಿನದ್ದು ನನ್ನ ಹತ್ತಿರ ಇದೆ, ಅದೇ ಕೆಂಪು ಹಿಮ್ಮಡಿ, ಅದೇ ನೂಲು. ಮಂಗಳವಾರ ಅವನು ಒಳಗೆ ಒಂದನ್ನು ಎತ್ತಿ ಹಿಡಿಯುವ ಹೊತ್ತಿಗೆ ನಾನು ಗೇಟಿನ ಹೊರಗೆ ಇನ್ನೊಂದನ್ನು ಎತ್ತಿ ಹಿಡಿದಿರುತ್ತೇನೆ. ಊರು ಜೊತೆ ಹಾಕಿ ನೋಡಲಿ.

ಹೇಳದೆಯೇ ಕಳಿಸಬಹುದಿತ್ತು. ಅವನ ಜೊತೆ ನೀನೂ ಬೀಳುತ್ತಿದ್ದೆ, ಬೀಳಲಿ ಎಂದು ಮೂರು ದಿನ ಅಂದುಕೊಂಡೆ. ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ಹೆತ್ತವಳು. ಸೋಮವಾರ ಒಂದು ಇಡೀ ದಿನ ನಿನಗೆ ಬಿಟ್ಟಿದ್ದೇನೆ. ಕಾಲುಚೀಲವನ್ನು ಅವನ ಕೈಗೆ ಕೊಡುತ್ತೀಯೋ, ಚೀಲಕ್ಕೆ ಹಾಕಿಕೊಂಡು ಗೇಟಿನ ಈಚೆ ಬರುತ್ತೀಯೋ, ನಿನಗೆ ಬಿಟ್ಟದ್ದು. ಬಂದರೆ ಮೂಟೆಯ ಒಂದು ತುದಿ ಹಿಡಿ, ಭಾರವಿದೆ. ಬರದಿದ್ದರೆ ಕಿಟಕಿಯಿಂದ ನೋಡು. ನಾನು ಮೇಲೆ ನೋಡುವುದಿಲ್ಲ.

ಆ ಕುರ್ಚಿಯ ಕೆಲಸ ನನಗೆ ಬೇಡ. ಯಾಕೆ ಎಂದು ಕೇಳಬೇಡ. ನಿನಗೆ ಜಡೆ ಹಾಕುತ್ತಿದ್ದ ಗುಂಗುರಕ್ಕನ ನೆನಪಿದೆಯಾ? ನಮ್ಮ ಲಾಂಡ್ರಿಯವಳೇ, ನನ್ನದು ಮಧ್ಯಾಹ್ನದ ಪಾಳಿ ಇದ್ದಾಗ ನಿನ್ನನ್ನು ಶಾಲೆಯಿಂದ ಕರೆತಂದು, ತಲೆ ತೊಳೆದು, ಬಾಚಿ ಕೂರಿಸುತ್ತಿದ್ದಳು. ಅವಳು ತಂಗಿಯ ಊರಿಗೆ ಹೋದ ಮೇಲೆ ನೀನು ಯಾರಿಗೂ ತಲೆ ಮುಟ್ಟಲು ಬಿಡಲಿಲ್ಲ, ನಾನು ಕತ್ತರಿ ತಂದು ಕೂದಲನ್ನೇ ಕತ್ತರಿಸಿದೆ. ಈ ನಾಲ್ಕು ದಿನ ಯಾಕೋ ಅವಳೇ ಕಣ್ಣ ಮುಂದೆ. ಇರಲಿ, ಅದು ಬೇರೆ ಮಾತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಕಚೇರಿಯ ಕಾಫಿ ಕುಡಿದು ಹೊಟ್ಟೆ ಕೆಡಿಸಿಕೊಳ್ಳಬೇಡ. ಇಷ್ಟು ಬಯ್ದ ಮೇಲೂ ಇದನ್ನು ಬರೆಯುತ್ತಿದ್ದೇನಲ್ಲ, ನನ್ನ ಹಣೆಬರಹ.

ನೀನು ಕಥೆ ಮಾಡಿ ಮಾರಿದ,
ನಿನ್ನ ಅಮ್ಮ

ತಾ.ಕ.: ಕಾಗದ ಮಡಚಿ ಅಂಟು ಹಾಕಿದ್ದೆ. ಮತ್ತೆ ಬಿಚ್ಚಿದೆ. ಗುಂಗುರಕ್ಕ ತಂಗಿಯ ಊರಿಗೆ ಹೋಗಲಿಲ್ಲ. ಅವಳಿಗೆ ತಂಗಿಯೇ ಇರಲಿಲ್ಲ. ಅವಳು ಹೋದ ದಿನ ಇಬ್ಬರದೂ ಒಂದೇ ಪಾಳಿ, ಗೇಟಿನ ಸಾಲಿನಲ್ಲಿ ಅವಳು ಮುಂದೆ, ನಾನು ಹಿಂದೆ. ಅವಳ ಊಟದ ಡಬ್ಬಿಯಲ್ಲಿ ಒಂದು ಚೂರು ಸೋಪು ಸಿಕ್ಕಿತು. ಅದು ನಾನು ಕೊಟ್ಟದ್ದು, ನಿನ್ನ ತಲೆ ತೊಳೆಯಲಿ ಎಂದು. ಯಾರು ಕೊಟ್ಟರು ಎಂದು ಮೂರು ಸಲ ಕೇಳಿದರು. ಅವಳು ತಿರುಗಿ ನನ್ನ ಕಡೆ ನೋಡಲೂ ಇಲ್ಲ, ನೋಡಿದರೆ ನನಗೆ ತೊಂದರೆ ಎಂದು. ನನ್ನ ಎಡಗಾಲಿನಲ್ಲಿ ಅವತ್ತು ಆರು ಚೂರಿದ್ದವು. ನಾನು ಬಾಯಿ ಬಿಡಲಿಲ್ಲ. ಅವಳನ್ನು ಅಲ್ಲಿಂದಲೇ ಕಳಿಸಿದರು, ಸಂಬಳವನ್ನೂ ಕೊಡದೆ. ನನ್ನ ಸರದಿ ಬಂತು, ಡಬ್ಬಿ ತೆರೆದು ತೋರಿಸಿದೆ, ಕುಂಟದೆ ಗೇಟು ದಾಟಿದೆ. ಜೀವಮಾನದಲ್ಲಿ ಅದೊಂದು ದಿನ ಕುಂಟಲಿಲ್ಲ. ಆಮೇಲೆ ಅವಳನ್ನು ಹುಡುಕಲಿಲ್ಲ. ಹುಡುಕಿದ್ದರೆ ಸಿಗುತ್ತಿದ್ದಳು. ಇನ್ನೊಬ್ಬಳು ಹೊರಗೆ ಹೋದ ಬಾಗಿಲಲ್ಲಿ ನಾನು ಕೆಲಸ ಉಳಿಸಿಕೊಳ್ಳುವುದು ಒಂದು ಸಲ ಆಗಿದೆ, ಎರಡನೇ ಸಲ ಬೇಡ. ಮಂಗಳವಾರ ಮೈಕಿನಲ್ಲಿ ಇದನ್ನೂ ಹೇಳುತ್ತೇನೆ, ಎಲ್ಲಾದರೂ ಅವಳ ಕಿವಿಗೆ ಬೀಳಲಿ. ಭಾಷಣಕ್ಕೆ ನಿಜವಾದ ಮಾತು ಬೇಕು ಎಂದಿದ್ದೆಯಲ್ಲ, ಇದನ್ನು ಬರೆದುಕೊಡು. ಓದುತ್ತಾನಾ ಕೇಳು.